ಆ ವಯಸ್ಸಿನಲ್ಲಿ ಒಂದು ಮುತ್ತು

ನಮ್ಮೂರ ಟಾಕೀಸಿನಲ್ಲಿ ನಾಯಕ ನಾಯಕಿ ಹತ್ತಿರ ಬಂದರೆಂದರೆ ಪರದೆಯ ಮೇಲೆ ಎರಡು ಹೂಗಳು ತಲೆ ತಾಗಿಸುತ್ತಿದ್ದವು. ಅಷ್ಟಕ್ಕೇ ನಮ್ಮಮ್ಮ ಬಗ್ಗಿ ಚಪ್ಪಲಿ ಹುಡುಕತೊಡಗುತ್ತಿದ್ದಳು. ಹಾಗೆ ಬೆಳೆದ ನಾನು ಅರವತ್ತು ದಾಟಿದ ಮೇಲೆ ಸೊಸೆಯ ಮೊಬೈಲಿನಲ್ಲಿ, ಸಿನಿಮಾದ ಮೊದಲ ಮುತ್ತು ಎಂದು ಹೆಸರಾದ ತುಣುಕನ್ನು ನೋಡಿದೆ. ಕಾಫಿ ಕುಡಿಯುತ್ತಿದ್ದ ನಮ್ಮ ಯಜಮಾನರು ಇಣುಕಿ, "ಈ ವಯಸ್ಸಿನಲ್ಲಿ ಇವಳಿಗೆ ಇದೆಲ್ಲ ಬೇಕಿತ್ತೆ?" ಎಂದರು. ಅಂದದ್ದು ಪರದೆಯ ಮೇಲಿದ್ದವಳನ್ನೋ ನನ್ನನ್ನೋ ತಿಳಿಯಲಿಲ್ಲ.

ಅವಳು ಮೇ ಐರ್ವಿನ್. 1862ರಲ್ಲಿ ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ರಂಗಭೂಮಿಯಲ್ಲಿ ಮೆರೆದ ಹಾಸ್ಯನಟಿ. 1895ರಲ್ಲಿ ಬಂದ 'ದಿ ವಿಡೋ ಜೋನ್ಸ್' ನಾಟಕದ ಕೊನೆಯಲ್ಲಿ ಜಾನ್ ರೈಸ್ ಎಂಬ ನಟ ಅವಳಿಗೆ ಮುತ್ತು ಕೊಡುವ ದೃಶ್ಯವಿತ್ತು. 1896ರ ಏಪ್ರಿಲ್‌ನಲ್ಲಿ ಎಡಿಸನ್ ಕಂಪನಿಯವರು ಆ ದೃಶ್ಯವನ್ನಷ್ಟೇ ಕ್ಯಾಮರಾ ಮುಂದೆ ಮಾಡಿಸಿದರು. ಚಿತ್ರ ತೆಗೆದವನು ವಿಲಿಯಂ ಹೈಸ್. ಎಲ್ಲಾ ಸೇರಿ 20 ಸೆಕೆಂಡಿನ ಆಸುಪಾಸು. ಕೆನ್ನೆಗೆ ಕೆನ್ನೆ ತಾಗಿಸಿ ಇಬ್ಬರೂ ಏನೋ ಮಾತಾಡುತ್ತಾರೆ, ಅವಳು ನಗುತ್ತಾಳೆ, ಅವನು ಮೀಸೆ ಸರಿಮಾಡಿಕೊಂಡು ಅವಳ ಮುಖ ಹಿಡಿದು ಮುತ್ತಿಡುತ್ತಾನೆ. ಮುಗಿಯಿತು. ಇಂದಿನ ಸೋಪಿನ ಜಾಹೀರಾತು ಇದಕ್ಕಿಂತ ಧೈರ್ಯದ್ದು.

ಜನ ಮುಗಿಬಿದ್ದು ನೋಡಿದರು. ಆ ವರ್ಷದ ಎಡಿಸನ್ ಚಿತ್ರಗಳಲ್ಲಿ ಇದಕ್ಕೇ ಹೆಚ್ಚು ಬೇಡಿಕೆ. ಆದರೆ ಷಿಕಾಗೋದ 'ದಿ ಚಾಪ್-ಬುಕ್' ಪತ್ರಿಕೆಯ ಹರ್ಬರ್ಟ್ ಸ್ಟೋನ್ ಕೆಂಡಾಮಂಡಲವಾದ. ರಂಗದ ಮೇಲೆ ಆಳಿನ ಅಳತೆಯಲ್ಲೇ ಅಸಹ್ಯವಾಗಿದ್ದುದು ಪರದೆಯಲ್ಲಿ ದೈತ್ಯಾಕಾರವಾಗಿ, ಅದೂ ಮತ್ತೆ ಮತ್ತೆ ಬರುವುದನ್ನು ಸಹಿಸುವುದು ಹೇಗೆ, ಪೊಲೀಸರು ಬರಬೇಕಾದ ವಿಷಯವಿದು ಎಂದು ಬರೆದ. ಇಷ್ಟೇ ಆಗಿದ್ದರೆ ಮಡಿವಂತಿಕೆ ಎಂದು ಬಿಟ್ಟುಬಿಡಬಹುದಿತ್ತು. ಇಬ್ಬರಲ್ಲಿ ಒಬ್ಬರೂ ನೋಡಲು ಚೆನ್ನಾಗಿಲ್ಲ ಎಂಬುದೂ ಅವನ ದೂರು! ಮೇ ಆಗ ಮೂವತ್ತರ ಮಧ್ಯದಲ್ಲಿದ್ದಳು, ದುಂಡಗೆ ತುಂಬಿದ ಮೈ. ನೀವೇ ಹೇಳಿ, ಹದಿನೆಂಟರ ತೆಳು ಸೊಂಟದವಳಾಗಿದ್ದರೆ ಪೊಲೀಸರ ನೆನಪು ಅಷ್ಟು ಬೇಗ ಬರುತ್ತಿತ್ತೆ? ದಪ್ಪಗಿರುವ ಹೆಂಗಸು ಯಾರ ಅಪ್ಪಣೆಯನ್ನೂ ಕೇಳದೆ ಸಂತೋಷವಾಗಿರುವುದು ಕೆಲವರ ಕಣ್ಣಿಗೆ ಚುಚ್ಚುತ್ತದೆ. ನಮ್ಮ ಯಜಮಾನರ ಮಾತಿಗೂ ಸ್ಟೋನ್‌ನ ಮಾತಿಗೂ ನೂರಕ್ಕೂ ಹೆಚ್ಚು ವರ್ಷದ ಅಂತರ, ಅಷ್ಟೆ.

ಹಾಗೆಂದು ಮೇ ಐರ್ವಿನ್‌ಳನ್ನು ತಲೆಯ ಮೇಲೆ ಹೊತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಅವಳಿಗೆ ಹೆಸರು ಬಂದದ್ದೇ ಕಪ್ಪು ಜನರನ್ನು ಗೇಲಿ ಮಾಡುವ ಹಾಡುಗಳಿಂದ. ಅದೇ ನಾಟಕದಲ್ಲೂ ಅಂಥದ್ದೊಂದನ್ನು ಹಾಡಿ ಚಪ್ಪಾಳೆ ಗಿಟ್ಟಿಸಿದ್ದಳು.

ಇದು ತಿಳಿದ ಮೇಲೆ ಸೊಸೆ ಇನ್ನೊಂದು ತುಣುಕು ತೋರಿಸಿದಳು. 1898ರಲ್ಲಿ ಷಿಕಾಗೋದಲ್ಲಿ ವಿಲಿಯಂ ಸೆಲಿಗ್ ತೆಗೆದ 'ಸಮ್‌ಥಿಂಗ್ ಗುಡ್'. ಅದರಲ್ಲಿರುವವರು ಕಪ್ಪು ಕಲಾವಿದರಾದ ಸೇಂಟ್ ಸಟಲ್ ಮತ್ತು ಗರ್ಟಿ ಬ್ರೌನ್. ಐರ್ವಿನ್ ಮುತ್ತಿನ ಅಣಕವೆಂದು ಅದನ್ನು ಮಾರಿದ್ದರಂತೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಕೋಡಂಗಿಗಳಂತೆ ಆಡಿಸುತ್ತಿದ್ದ ಕಾಲ. ಕೊಂಡವರು ನಗಲೆಂದೇ ಕೊಂಡಿರಬೇಕು. ಆದರೆ ಪರದೆಯಲ್ಲಿ ಗೇಲಿಯ ಸುಳಿವೇ ಇಲ್ಲ. ಮುತ್ತಿಡುತ್ತಾರೆ, ಕೈ ಹಿಡಿದುಕೊಂಡೇ ಹಿಂದಕ್ಕೆ ಸರಿದು ನಗುತ್ತಾರೆ, ಮತ್ತೆ ಹತ್ತಿರ ಬರುತ್ತಾರೆ. ಅವಳ ನಗು ನಟನೆಯೆಂದು ನನಗಂತೂ ಅನ್ನಿಸಲಿಲ್ಲ.

ಈ ಚಿತ್ರ ಎಲ್ಲೋ ಕಳೆದುಹೋಗಿತ್ತು. 2017ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಿತ್ರಸಂಗ್ರಹದ ಡೈನೋ ಎವರೆಟ್ ಕೈಗೆ ಹಳೆಯ ಫಿಲಂ ಸಿಕ್ಕಿತು. ಅದರಲ್ಲಿರುವವರು ಯಾರೆಂದು ಪತ್ತೆಹಚ್ಚಿದವರು ಅಲಿಸನ್ ನಾಡಿಯಾ ಫೀಲ್ಡ್ ಎಂಬ ವಿದ್ವಾಂಸೆ. ಐರ್ವಿನ್ ಮುತ್ತು 1999ರಲ್ಲೇ ಅಮೆರಿಕದ ರಾಷ್ಟ್ರೀಯ ಚಿತ್ರಗಳ ಪಟ್ಟಿ ಸೇರಿತ್ತು. ಇದು 2018ರಲ್ಲಿ ಸೇರಿತು. ಈ ಸಲ ನೋಡಿದವರು ನಗಲಿಲ್ಲ, ಎಷ್ಟೋ ಮಂದಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಯಜಮಾನರು ಕನ್ನಡಕ ಹುಡುಕಿಕೊಂಡು ನನ್ನ ಪಕ್ಕ ಬಂದು ಕುಳಿತಿದ್ದರು. ಮುಗಿದ ಮೇಲೆ ಸೊಸೆಯ ಕಡೆ ನೋಡದೆಯೇ, "ಇನ್ನೊಂದು ಸಲ ಹಾಕಮ್ಮ" ಎಂದರು.