ಎಡಗೈಗೆ ಬಂದ ಗಾಡಿ

ಸೋದರಮಾವನಿಗೆ ಬ್ಯಾಟರಿ ತ್ರಿಚಕ್ರ ಬಂದ ದಿನ ಓಣಿಯವರೆಲ್ಲ ನೋಡಲು ಸೇರಿದ್ದರು. ಪೋಲಿಯೋ ಅವರ ಕಾಲುಗಳ ಜೊತೆಗೆ ಬಲಗೈಯ ಶಕ್ತಿಯನ್ನೂ ಕಸಿದಿತ್ತು. ಗಾಡಿಯ ಎಕ್ಸಲರೇಟರ್ ಇದ್ದದ್ದು ಬಲಗಡೆಗೆ. ಎರಡು ತಿಂಗಳು ಅದು ಜಗಲಿಯ ಪಕ್ಕದಲ್ಲೇ ನಿಂತಿತು.

ಆಗ ನಾನು ಪಿಎಚ್‌ಡಿಗಾಗಿ ವಾಹನಗಳ ಚರಿತ್ರೆ ಓದುತ್ತಿದ್ದೆ. 1655ರಲ್ಲಿ ಜರ್ಮನಿಯ ಆಲ್ಟ್‌ಡಾರ್ಫ್‌ನಲ್ಲಿ, ನಡೆಯಲಾಗದ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್ ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯನ್ನು ತನಗಾಗಿ ತಾನೇ ಕಟ್ಟಿಕೊಂಡ. ಕಸುಬೂ ಅವನದೇ, ಅಳತೆಯೂ ಅವನ ದೇಹದ್ದೇ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಗುಸ್ತಾವ್ ಟ್ರೂವೆ ಇಂಗ್ಲೆಂಡಿನ ತ್ರಿಚಕ್ರವೊಂದಕ್ಕೆ ವಿದ್ಯುತ್ ಮೋಟಾರು, ಬ್ಯಾಟರಿ ಜೋಡಿಸಿ ಬೀದಿಯಲ್ಲಿ ಓಡಿಸಿದ. ವಿದ್ಯುತ್ ವಾಹನದ ಚರಿತ್ರೆಯಲ್ಲಿ ಟ್ರೂವೆಯ ಹೆಸರು ಬರುತ್ತದೆ. ಮಾವನ ಗಾಡಿಗೆ ಟ್ರೂವೆಯ ಮೋಟಾರು ಸಿಕ್ಕಿತ್ತು, ಫಾರ್ಫ್ಲರನ ಅಳತೆ ಸಿಕ್ಕಿರಲಿಲ್ಲ.

ಅದನ್ನು ಕೊಟ್ಟವನು ನಮ್ಮೂರಿನ ಸೈಕಲ್ ಶಾಪಿನವನು. ಮಾವನನ್ನು ಸೀಟಿನಲ್ಲಿ ಕೂರಿಸಿ, ಎಡಗೈ ಎಲ್ಲಿಯವರೆಗೆ ಚಾಚುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ. ಹೆಬ್ಬೆರಳಿನಲ್ಲಿ ಒತ್ತುವ ಎಕ್ಸಲರೇಟರನ್ನು ಎಡಗಡೆಗೆ ಹಾಕಿದ. ಎರಡೂ ಬ್ರೇಕಿನ ತಂತಿಗಳನ್ನು ಅದೇ ಬದಿಯ ಒಂದೇ ಲಿವರಿಗೆ ಸೇರಿಸಿದ. ಖಾಲಿ ಬಯಲಿನಲ್ಲಿ ಬ್ರೇಕು ಹಿಡಿಯುತ್ತದೆಂದು ಖಾತ್ರಿಯಾಗುವವರೆಗೆ ರಸ್ತೆಗೆ ಬಿಡಲಿಲ್ಲ.

ಮಾರನೆಯ ದಿನ ಮಾವ ಒಬ್ಬರೇ ಗ್ರಂಥಾಲಯಕ್ಕೆ ಹೋಗಿಬಂದರು. ಬಂದವರೇ ಕೇಳಿದರು: “ನಿನ್ನ ಥೀಸಿಸ್ಸಿನಲ್ಲಿ ಸೈಕಲ್ ಶಾಪಿನವನೂ ಬರ್ತಾನೇನಮ್ಮಾ?”

ನನ್ನ ಅಧ್ಯಾಯದಲ್ಲಿ ಅಲ್ಲಿಯವರೆಗೆ ಕಂಡುಹಿಡಿದವರಷ್ಟೇ ಇದ್ದರು. ಹೊಂದಿಸಿಕೊಟ್ಟವರಿಗೆ ಈಗ ಜಾಗ ಮಾಡುತ್ತಿದ್ದೇನೆ.