ಶೋಧಫಲಗಳ ವರ್ಗೀಕರಣದಲ್ಲಿ ಪದಸಾಹಚರ್ಯ: ಹುಕ್ಕೇರಿ–ಗೋಕಾಕ ಪರಿಸರದ ನಿದರ್ಶನ

ಅಕಾರಾದಿಕ್ರಮಕ್ಕಿಂತ ಅರ್ಥಬಾಂಧವ್ಯದಿಂದ ಪದಗಳನ್ನು ಒಗ್ಗೂಡಿಸುವ ಪದ್ಧತಿಯೇ ನಮ್ಮ ಕೋಶಪರಂಪರೆಯಲ್ಲಿ ಪ್ರಾಚೀನವಾದುದು. ಅಮರಸಿಂಹನು ತನ್ನ ಕೋಶವನ್ನು ಮೂರು ಕಾಂಡಗಳಾಗಿ ವಿಭಜಿಸಿ, ಸ್ವರ್ಗವರ್ಗ, ವಾರಿವರ್ಗ, ವನೌಷಧಿವರ್ಗ ಮೊದಲಾದವುಗಳಲ್ಲಿ ಪದಗಳನ್ನು ಹಂಚಿದನು. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಅಚ್ಚಾದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು, ನಾನಾ ತಾಡವೋಲೆಗಳಲ್ಲಿ ಚದರಿಹೋಗಿದ್ದ ಶರಣವಾಣಿಯನ್ನು ವಿಷಯಾನುಸಾರವಾಗಿ ಓದುಗರ ಮುಂದಿಟ್ಟಿತು. ಆದರೆ ಈ ವಿಭಾಗಗಳೆಲ್ಲ ವಿದ್ವಾಂಸನೊಬ್ಬನು ಮೊದಲೇ ನಿಶ್ಚಯಿಸಿದವು. ಹುಡುಕುವವನ ಇಚ್ಛೆಗೆ ಅವುಗಳಲ್ಲಿ ಎಡೆಯಿರಲಿಲ್ಲ.

ಆ ಎಡೆಯನ್ನು ತೆರೆದುದು ಗಣಕಯುಗ. 1992ರಲ್ಲಿ ಕಟಿಂಗ್ ಮತ್ತು ಸಂಗಡಿಗರು ದಾಖಲೆಗಳನ್ನು ಗುಂಪುಗೂಡಿಸಿ ಓದುಗನ ಆಯ್ಕೆಯಂತೆ ಮತ್ತೆ ಗುಂಪುಗೂಡಿಸುವ ‘ಸ್ಕ್ಯಾಟರ್–ಗ್ಯಾದರ್’ ವಿಧಾನವನ್ನು ಮಂಡಿಸಿದರು. ಮರುವರ್ಷ ರಾಕೇಶ್ ಅಗರವಾಲ್, ಇಮಿಲಿನ್ಸ್ಕಿ, ಸ್ವಾಮಿ ಎಂಬ ಮೂವರು, ಅಂಗಡಿಯಲ್ಲಿ ಒಂದು ಸರಕಿನ ಜತೆಗೆ ಮತ್ತಾವುದು ಮಾರಾಟವಾಗುತ್ತದೆಂಬುದನ್ನು ಲೆಕ್ಕಪತ್ರದಿಂದ ಕಂಡುಹಿಡಿಯುವ ಸಾಹಚರ್ಯ ನಿಯಮಗಳನ್ನು ರೂಪಿಸಿದರು. ಸರಕಿನ ಸ್ಥಾನದಲ್ಲಿ ಪದವನ್ನೂ, ರಸೀದಿಯ ಸ್ಥಾನದಲ್ಲಿ ಬರಹವನ್ನೂ ಇರಿಸಿದರೆ ಅದೇ ಗಣಿತವು ಶೋಧಫಲಗಳಿಗೂ ಅನ್ವಯಿಸುತ್ತದೆ.

‘ಗೋಕಾಕ’ ಎಂದು ಹುಡುಕುವವನಿಗೆ ಘಟಪ್ರಭೆಯ ಜಲಪಾತ, ಕರದಂಟು, ಮರದ ಆಟಿಕೆ, ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು, ಅವರ ಭಾಷಾ ವರದಿಯ ಜಾರಿಗಾಗಿ 1982ರಲ್ಲಿ ನಾಡನ್ನೇ ಎಬ್ಬಿಸಿದ ಚಳವಳಿ, ಇವೆಲ್ಲ ಬೆರೆತು ಬರುತ್ತವೆ. ‘ಹುಕ್ಕೇರಿ’ಯೂ ಹಾಗೆಯೇ: ಆದಿಲಶಾಹಿ ಕಾಲವನ್ನು ನೆನಪಿಸುವ ಗುಮ್ಮಟಗಳ ಊರು, ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಹಾವೇರಿಯ ಹುಕ್ಕೇರಿಮಠ, ಗಾಯಕ ಹುಕ್ಕೇರಿ ಬಾಳಪ್ಪ. ನೂರು ಬರಹಗಳಲ್ಲಿ ‘ಗೋಕಾಕ’ವೂ ‘ವರದಿ’ಯೂ ಕೂಡಿ ಬಂದಿವೆ, ಅವುಗಳಲ್ಲಿ ಎಂಬತ್ತರಲ್ಲಿ ‘ಭಾಷೆ’ ಎಂಬುದೂ ಇದೆಯೆನ್ನೋಣ. ಆಗ ‘ಗೋಕಾಕವೂ ವರದಿಯೂ ಇದ್ದಲ್ಲಿ ಭಾಷೆಯೂ ಇರುತ್ತದೆ’ ಎಂಬ ನಿಯಮದ ವಿಶ್ವಾಸಾಂಶ ಶೇಕಡಾ 80. ಆದರೆ ‘ಬೆಳಗಾವಿ’ ಎಂಬ ಪದವು ಜಲಪಾತದ ಜತೆಗೂ ಕರದಂಟಿನ ಜತೆಗೂ ಬರುವುದರಿಂದ, ಎಷ್ಟೇ ಹೆಚ್ಚಿನ ವಿಶ್ವಾಸಾಂಶ ಪಡೆದರೂ ಅದು ಏನನ್ನೂ ಬೇರ್ಪಡಿಸಲಾರದು. ಆದುದರಿಂದ ಬರಿಯ ಸಹವಾಸವಲ್ಲ, ಆಕಸ್ಮಿಕಕ್ಕೆ ಮೀರಿದ ಸಹವಾಸವೇ ವರ್ಗೀಕರಣಕ್ಕೆ ಪ್ರಮಾಣವಾಗಬೇಕು.

ಕನ್ನಡದಲ್ಲಿ ತೊಡಕು ಇನ್ನೂ ಆಳವಾದುದು. ಗೋಕಾಕ, ಗೋಕಾಕ್, ಗೋಕಾವಿ, ಗೋಕಾಕದಲ್ಲಿ, ಗೋಕಾಕರ ಎಂಬ ರೂಪಗಳನ್ನು ಪ್ರಕೃತಿ–ಪ್ರತ್ಯಯ ವಿವೇಚನೆಯಿಲ್ಲದೆ ಎಣಿಸಿದರೆ ಒಂದೇ ಪದದ ಸಾಹಚರ್ಯವು ಐದಾಗಿ ಒಡೆದು ದುರ್ಬಲವಾಗುತ್ತದೆ. ವಿವೇಚನೆಯಿಲ್ಲದೆ ಕೂಡಿಸಿದರೆ ಊರೂ ವ್ಯಕ್ತಿಯೂ ಒಂದಾಗಿಬಿಡುತ್ತವೆ. ‘ಗೋಕಾಕರು’ ಎಂಬ ಗೌರವ ಬಹುವಚನವೇ ಮನುಷ್ಯನನ್ನು ಸೂಚಿಸುವ ಕುರುಹೆಂಬುದನ್ನು ಯಂತ್ರಕ್ಕೆ ಕಲಿಸಬೇಕಾದವರು ವೈಯಾಕರಣರು. ಪತ್ರಿಕೆಗಳ ಪ್ರಾಚುರ್ಯದಿಂದ ಚಳವಳಿಯ ಬರಹಗಳೇ ಎಲ್ಲವನ್ನೂ ಮುಚ್ಚುವುದಾದರೆ, ಆಟಿಕೆಗಳ ಅಭ್ಯಾಸಿಯು ‘ಆಟಿಕೆ, ಮರ, ಬಣ್ಣ’ ಇವುಗಳನ್ನು ಬೇರೆ ಗುಂಪಾಗಿಸೆಂದು ತನ್ನದೇ ನಿಯಮವನ್ನು ಬರೆಯುವಂತಿರಬೇಕು.

ಇಂತಹ ನಿಯಮಗಳನ್ನು ದೂರದ ಸಂಸ್ಥೆಗಳಿಗೆ ಬಿಡದೆ, ಹುಕ್ಕೇರಿ, ಗೋಕಾಕ, ಮೂಡಲಗಿಗಳ ಶಿಕ್ಷಕರೂ ಗ್ರಂಥಪಾಲಕರೂ ತಮ್ಮ ಊರುಗಳ ಪದಸಂಬಂಧಗಳನ್ನು ಸಂಗ್ರಹಿಸಿ, ಮುಕ್ತವಾಗಿ ಒದಗಿಸಲು ಮುಂದಾಗಬೇಕೆಂಬುದು ಈ ಲೇಖಕನ ವಿನಂತಿ.