ಕರಾರು ಮುಗಿದ ಆಟಗಾರ

ಐಸ್ ಹಾಕಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಸ್ಪಷ್ಟವಾದ ಚಿತ್ರವೇನೂ ಮೂಡುವುದಿಲ್ಲ. ಹೆಪ್ಪುಗಟ್ಟಿದ ನೀರಿನ ಅಂಗಳ, ಕಾಲಿಗೆ ಉಕ್ಕಿನ ಅಲಗಿರುವ ಸ್ಕೇಟ್, ಚೆಂಡಿನ ಬದಲು 'ಪಕ್' ಎಂಬ ಕಪ್ಪು ರಬ್ಬರಿನ ಬಿಲ್ಲೆ, ಅಂಗಳದಲ್ಲಿ ಒಂದು ತಂಡಕ್ಕೆ ಆರು ಜನ. ಇಷ್ಟು ತಿಳಿದಿದ್ದರೆ ಈ ಲೇಖನಕ್ಕೆ ಸಾಕು. ಏಕೆಂದರೆ ನಾವಿಲ್ಲಿ ನೋಡಹೊರಟಿರುವುದು ಆಟವನ್ನಲ್ಲ, ಆಟಗಾರನ ಕರಾರುಪತ್ರವನ್ನು.

ಈ ಆಟದ ಅತಿ ದೊಡ್ಡ ವೃತ್ತಿಪರ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ 1917ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿತು. ಇದರಲ್ಲಿ ಒಂದು ವಿಚಿತ್ರ ಕಟ್ಟುಪಾಡು ಬಹುಕಾಲ ನಡೆದುಬಂದಿತ್ತು. ಆಟಗಾರ ಒಮ್ಮೆ ಒಂದು ಕ್ಲಬ್ಬಿಗೆ ಸಹಿ ಹಾಕಿದನೆಂದರೆ, ಕರಾರಿನ ಅವಧಿ ಮುಗಿದ ಮೇಲೂ ಅವನ ಮೇಲಿನ ಹಕ್ಕು ಕ್ಲಬ್ಬಿನದೇ. ಕ್ಲಬ್ಬು ಅವನನ್ನು ಬೇರೆಯವರಿಗೆ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಅವನು ಮಾತ್ರ ತಾನಾಗಿ ಬಿಟ್ಟುಹೋಗುವಂತಿಲ್ಲ. ಇದಕ್ಕೆ 'ರಿಸರ್ವ್ ಕ್ಲಾಸ್' ಎಂದು ಹೆಸರು. ಒಕ್ಕಲು ಬಿಟ್ಟು ಹೋಗಲಾಗದ ಜೀತದಾಳಿನ ನೆನಪಾದರೆ ತಪ್ಪಲ್ಲ, ಆದರೆ ಇಲ್ಲಿನ ಜೀತಗಾರ ಊರಿಗೆಲ್ಲ ಹೆಸರಾದ ಆಟಗಾರ. 1957ರಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಆಟಗಾರರ ಸಂಘವೊಂದನ್ನು ಕಟ್ಟಲು ಮುಂದಾದರು. ಅದೇ ವರ್ಷ ಅವರನ್ನು ಶಿಕಾಗೋ ತಂಡಕ್ಕೆ ಸಾಗಹಾಕಲಾಯಿತು. ಸಂಘ ಮರುವರ್ಷವೇ ಮುರಿದುಬಿತ್ತು. ಗಟ್ಟಿಯಾಗಿ ನಿಂತ ಸಂಘ ಹುಟ್ಟಲು 1967ರವರೆಗೆ ಕಾಯಬೇಕಾಯಿತು.

ಬೀಗ ಒಡೆದದ್ದು 1972ರಲ್ಲಿ. ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ ಆಗ ತಲೆಯೆತ್ತುತ್ತಿತ್ತು. ಅದಕ್ಕೆ ತಂಡಗಳಿದ್ದವು, ಹೆಸರಿರಲಿಲ್ಲ. ಹೆಸರು ಬೇಕೆಂದರೆ ಬಾಬಿ ಹಲ್ ಬೇಕು. ಶಿಕಾಗೋ ಬ್ಲ್ಯಾಕ್ ಹಾಕ್ಸ್ ಪರವಾಗಿ 15 ಋತುಗಳಲ್ಲಿ 604 ಗೋಲು ಹೊಡೆದ, ಹೊಂಬಣ್ಣದ ಕೂದಲಿನ, ಸಿಡಿಲಿನಂಥ ಹೊಡೆತದ ಈ ಆಟಗಾರನ ಕರಾರು ಅದೇ ವರ್ಷ ಮುಗಿದಿತ್ತು. ವಿನ್ನಿಪೆಗ್ ಜೆಟ್ಸ್ ತಂಡದವರು ಬಂದು ಕೇಳಿದಾಗ ಹಲ್ ತಮಾಷೆಗೆಂಬಂತೆ 10 ಲಕ್ಷ ಡಾಲರ್ ಎಂದರಂತೆ. ಅಷ್ಟು ಹಣ ಯಾರೂ ಕೊಡಲಾರರೆಂಬುದೇ ಆ ಮಾತಿನ ಅರ್ಥ. ಆದರೆ ಹೊಸ ಸಂಸ್ಥೆಯ ತಂಡಗಳೆಲ್ಲ ಸೇರಿ ವಂತಿಗೆ ಹಾಕಿದವು! ಎದುರಾಳಿ ತಂಡಕ್ಕೆ ಆಟಗಾರನನ್ನು ತಂದುಕೊಡಲು ತಾವೇ ಹಣ ತೆರುವುದು ಕ್ರೀಡೆಯ ಚರಿತ್ರೆಯಲ್ಲಿ ಅಪರೂಪ. 1972ರ ಜೂನ್ 27ರಂದು ವಿನ್ನಿಪೆಗ್ ನಗರದ ಪೋರ್ಟೇಜ್ ಮತ್ತು ಮೇನ್ ರಸ್ತೆಗಳು ಕೂಡುವ ಚೌಕದಲ್ಲಿ, ನೆರೆದ ಸಾವಿರಾರು ಜನರ ಎದುರು ಸಹಿ ನಡೆಯಿತು.

ಹಳೆಯ ಲೀಗ್ ಸುಮ್ಮನಿರಲಿಲ್ಲ. ಮೊಕದ್ದಮೆಗಳಿಂದಾಗಿ ಹಲ್ ಮೊದಲ ಕೆಲವು ಪಂದ್ಯಗಳನ್ನು ಹೊರಗೆ ಕುಳಿತು ನೋಡಬೇಕಾಯಿತು. ಆ ಶರತ್ಕಾಲದಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧ ನಡೆದ ಪ್ರಸಿದ್ಧ ಸರಣಿಯ ಕೆನಡಾ ತಂಡದಿಂದಲೂ ಅವರನ್ನು ಬಿಟ್ಟುಬಿಟ್ಟರು. ಕೊನೆಗೆ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಧೀಶ ಲಿಯಾನ್ ಹಿಗಿನ್‌ಬಾಥಮ್, ಏಕಸ್ವಾಮ್ಯ ವಿರೋಧಿ ಕಾನೂನಿನ ಆಧಾರದ ಮೇಲೆ, ರಿಸರ್ವ್ ಕ್ಲಾಸನ್ನು ಹಿಡಿದುಕೊಂಡು ಆಟಗಾರರನ್ನು ತಡೆಯುವಂತಿಲ್ಲವೆಂದು ಆಜ್ಞೆ ಹೊರಡಿಸಿದರು. ಹಲ್ 1974-75ರಲ್ಲಿ ಸ್ವೀಡನ್ನಿನ ಹೆಡ್‌ಬರ್ಗ್ ಮತ್ತು ನಿಲ್ಸನ್ ಜೊತೆಗೂಡಿ 77 ಗೋಲು ಹೊಡೆದರು. ಹೊಸ ಸಂಸ್ಥೆ 1979ರಲ್ಲಿ ಮುಚ್ಚಿತಾದರೂ, ವಿನ್ನಿಪೆಗ್ ಸೇರಿ ಅದರ ನಾಲ್ಕು ತಂಡಗಳು ಹಳೆಯ ಲೀಗಿನೊಳಕ್ಕೆ ಬಂದವು.

ಎಲ್ಲ ದುಬಾರಿ ಸಹಿಗಳೂ ಫಲಿಸಿದವೆಂದು ತಿಳಿಯಬಾರದು. ಅದೇ 1972ರಲ್ಲಿ ಡೆರೆಕ್ ಸ್ಯಾಂಡರ್ಸನ್ ಎಂಬ ಆಟಗಾರನಿಗೆ ಫಿಲಡೆಲ್ಫಿಯಾ ಬ್ಲೇಜರ್ಸ್ ತಂಡ ಹಲ್‌ಗೆ ಸರಿಸಮನಾದ ಮೊತ್ತ ಒಪ್ಪಿಕೊಂಡಿತ್ತು. ಆತ ಆಡಿದ್ದು ಎಂಟೇ ಪಂದ್ಯ. ಆಮೇಲೆ ಹಣ ಕೊಟ್ಟು ಕಳುಹಿಸಿಕೊಟ್ಟರು.

ಬಾಗಿಲು ತೆರೆಯಿತು, ಹೊಸ್ತಿಲು ಮಾತ್ರ ಎತ್ತರವಾಗಿಯೇ ಉಳಿಯಿತು. ಬೇರೆ ತಂಡದ ಆಟಗಾರನನ್ನು ಸೆಳೆದುಕೊಂಡವರು ಆ ತಂಡಕ್ಕೆ ಪರಿಹಾರ ಕೊಡಬೇಕೆಂಬ ನಿಯಮ ಬಂತು. ಅದರ ಪೆಟ್ಟು ಎಂಥದೆಂದು ಸೇಂಟ್ ಲೂಯಿಸ್ ಬ್ಲೂಸ್ ತಂಡವನ್ನು ಕೇಳಬೇಕು. 1990ರಲ್ಲಿ ಅವರು ವಾಷಿಂಗ್ಟನ್ ತಂಡದಿಂದ ರಕ್ಷಣಾ ಆಟಗಾರ ಸ್ಕಾಟ್ ಸ್ಟೀವನ್ಸ್‌ರನ್ನು ಸೆಳೆದುಕೊಂಡರು. ತೆತ್ತ ಬೆಲೆ, ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಸುತ್ತಿನ ಐದು ಸರದಿಗಳು. ಮರುವರ್ಷ ನ್ಯೂಜೆರ್ಸಿ ಡೆವಿಲ್ಸ್ ತಂಡದ ತರುಣ ಬ್ರೆಂಡನ್ ಶಾನಹನ್ ಮೇಲೆ ಅವರ ಕಣ್ಣು ಬಿತ್ತು. ಸಹಿಯೂ ಆಯಿತು. ಪರಿಹಾರವಾಗಿ ಬೇರೆ ಆಟಗಾರರನ್ನು ಕೊಡುವೆವೆಂದು ಸೇಂಟ್ ಲೂಯಿಸ್ ಹೇಳಿತು. ನ್ಯೂಜೆರ್ಸಿ ಕೇಳಿದ್ದು ಒಂದೇ ಹೆಸರು. ಪಂಚಾಯಿತಿದಾರರು ನ್ಯೂಜೆರ್ಸಿಯ ಮಾತನ್ನೇ ಎತ್ತಿಹಿಡಿದರು. ಐದು ಸರದಿ ತೆತ್ತು ತಂದ ಸ್ಟೀವನ್ಸ್ ಒಂದೇ ವರ್ಷದಲ್ಲಿ ಕೈಬಿಟ್ಟರು. ಹೋಗಲು ಮನಸ್ಸಿಲ್ಲದೆಯೇ ಹೋದ ಸ್ಟೀವನ್ಸ್ ಮುಂದೆ ನ್ಯೂಜೆರ್ಸಿಯ ನಾಯಕರಾಗಿ 1995, 2000 ಮತ್ತು 2003ರಲ್ಲಿ ಸ್ಟಾನ್ಲಿ ಕಪ್ ಎತ್ತಿದರು. ಆ ಹೊಡೆತದ ನಂತರ ಇತರ ಕ್ಲಬ್ಬುಗಳು ಇಂಥ ಸಾಹಸಕ್ಕೆ ಕೈಹಾಕಲು ಹತ್ತು ಬಾರಿ ಯೋಚಿಸಿದ್ದರೆ ಆಶ್ಚರ್ಯವಿಲ್ಲ.

1994-95ರಲ್ಲಿ ಮಾಲೀಕರು ಕ್ರೀಡಾಂಗಣಗಳಿಗೆ ಬೀಗ ಹಾಕಿ, ಋತು 48 ಪಂದ್ಯಗಳಿಗೆ ಇಳಿದು, ಕೊನೆಗೆ ರಾಜಿಯಾಯಿತು. ವಯಸ್ಸು ಮೂವತ್ತು ದಾಟಿದ ಆಟಗಾರ, ಕರಾರು ಮುಗಿದ ಮೇಲೆ, ಯಾರ ಪರಿಹಾರದ ಹಂಗೂ ಇಲ್ಲದೆ ಹೋಗಬಹುದೆಂದು ಒಪ್ಪಂದವಾಯಿತು. ಆ ದಾರಿಯಲ್ಲಿ ನಡೆದವರಲ್ಲಿ ಬಾಬಿ ಹಲ್‌ರ ಮಗ ಬ್ರೆಟ್ ಹಲ್ ಕೂಡ ಒಬ್ಬರು. 1998ರಲ್ಲಿ ಡಲ್ಲಾಸ್ ಸೇರಿದ ಅವರು ಮರುವರ್ಷ ಅಂತಿಮ ಹಣಾಹಣಿಯಲ್ಲಿ ಬಫಲೋ ವಿರುದ್ಧ ಮೂರನೆಯ ಹೆಚ್ಚುವರಿ ಅವಧಿಯಲ್ಲಿ ಕಪ್ ತಂದ ಗೋಲು ಹೊಡೆದರು. ಅವರ ಸ್ಕೇಟ್ ಗೋಲಿನ ಮುಂದಿನ ನಿಷಿದ್ಧ ಜಾಗದಲ್ಲಿತ್ತೆಂದು ಬಫಲೋದವರು ವಾದಿಸುತ್ತಲೇ ಬಂದಿದ್ದಾರೆ.

ಆಟದ ಫಲವನ್ನಷ್ಟೇ ತೂಗಿ ಅತ್ಯುತ್ತಮ ಸಹಿ ಯಾವುದೆಂದು ಕೇಳಿದರೆ ನನ್ನ ಉತ್ತರ ಜ್ಡೆನೊ ಚಾರಾ. ಸ್ಲೊವಾಕಿಯಾದ ಟ್ರೆನ್‌ಚಿನ್ ಊರಿನ ಈ ರಕ್ಷಣಾ ಆಟಗಾರ 6 ಅಡಿ 9 ಅಂಗುಲ ಎತ್ತರದ ಆಳು. 2004-05ರ ಇಡೀ ಋತುವನ್ನು ನುಂಗಿದ ವೇತನ ಕಲಹದ ನಂತರ ಪ್ರತಿ ತಂಡದ ಒಟ್ಟು ವೇತನಕ್ಕೂ ಮಿತಿ ಬಂದಿತ್ತು. ಒಟ್ಟಾವಾ ತಂಡ ಚಾರಾ ಮತ್ತು ವೇಡ್ ರೆಡನ್ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದು, ರೆಡನ್ ಅವರನ್ನು ಉಳಿಸಿಕೊಂಡಿತು. 2006ರ ಜುಲೈ 1ರಂದು ಬಾಸ್ಟನ್ ಬ್ರೂಯಿನ್ಸ್ ಚಾರಾಗೆ ಐದು ವರ್ಷಕ್ಕೆ 3 ಕೋಟಿ 75 ಲಕ್ಷ ಡಾಲರ್ ಕೊಟ್ಟು ನಾಯಕನ ಪಟ್ಟವನ್ನೂ ಕಟ್ಟಿತು. ಮೊದಲ ವರ್ಷ ನೋಡಿದವರು ಒಟ್ಟಾವಾದವರೇ ಜಾಣರೆಂದಿರಬೇಕು: ಅವರು 2007ರ ಅಂತಿಮ ಘಟ್ಟ ತಲುಪಿದರು, ಬಾಸ್ಟನ್ ಮುಂದಿನ ಸುತ್ತಿಗೂ ಬರಲಿಲ್ಲ. ಆದರೆ 2009ರಲ್ಲಿ ಚಾರಾ ಶ್ರೇಷ್ಠ ರಕ್ಷಣಾ ಆಟಗಾರನ ನಾರಿಸ್ ಪ್ರಶಸ್ತಿ ಪಡೆದರು, 2011ರಲ್ಲಿ 39 ವರ್ಷಗಳ ನಂತರ ಬಾಸ್ಟನ್‌ಗೆ ಕಪ್ ತಂದರು. 14 ಋತು ಅಲ್ಲೇ ಆಡಿದರು.

ಇನ್ನು ಹಣದ ಸುದ್ದಿಯೇ ಆಗದ ಸಹಿಗಳೂ ಇವೆ. ಐದು ಅಡಿ ಎಂಟು ಅಂಗುಲದ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಆಯ್ಕೆಯ ಸರದಿಯಲ್ಲಿ ಯಾವ ತಂಡವೂ ಆರಿಸಿರಲಿಲ್ಲ. 1998ರಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಸೇರಿಸಿಕೊಂಡಿತು, 2000ದಲ್ಲಿ ಬೇಡವೆಂದು ಬಿಟ್ಟಿತು. ಟಾಂಪಾ ಬೇ ತಂಡ ಕರೆದುಕೊಂಡಿತು. 2003-04ರಲ್ಲಿ 94 ಅಂಕ ಗಳಿಸಿ ಲೀಗಿಗೇ ಮೊದಲಿಗರಾದ ಅವರಿಗೆ ಅಂತಿಮ ಹಣಾಹಣಿಯಲ್ಲಿ ಎದುರಾದದ್ದು ಅದೇ ಕ್ಯಾಲ್ಗರಿ. 3-2ರಿಂದ ಮುಂದಿದ್ದ ಕ್ಯಾಲ್ಗರಿಗೆ ಆರನೆಯ ಪಂದ್ಯ ಗೆದ್ದರೆ ಕಪ್ ತನ್ನದಾಗುತ್ತಿತ್ತು. ಕ್ಯಾಲ್ಗರಿಯ ಅಂಗಳದಲ್ಲೇ ಎರಡನೆಯ ಹೆಚ್ಚುವರಿ ಅವಧಿ ಆರಂಭವಾಗಿ 33ನೆಯ ಸೆಕೆಂಡಿಗೆ ಸೇಂಟ್ ಲೂಯಿ ಗೋಲು ಹೊಡೆದರು. ಎರಡು ದಿನದ ಬಳಿಕ ಟಾಂಪಾದಲ್ಲಿ ಏಳನೆಯ ಪಂದ್ಯವೂ 2-1ರಿಂದ ಅವರ ತಂಡದ ಪಾಲಾಯಿತು.